ಯಾವುದು ಮೊದಲು ಅಂತ ಕೇಳಿದವರಿಗೆ

ಮೊನ್ನೆ ಗುರುವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪಾಸಾದೆ. ಥೀಸಿಸ್‌ನ ಮೊದಲ ಪುಟದಲ್ಲಿ ಎಲ್ಲರಿಗೂ ಧನ್ಯವಾದ ಹೇಳಿದ್ದೇನೆ. ಆದರೆ ಅದು ಇಂಗ್ಲಿಷಿನಲ್ಲಿದೆ. ಹೇಳಲೇಬೇಕಾದ ಅರ್ಧ ಜನ ಅದನ್ನು ಓದುವವರಲ್ಲ. ಅದಕ್ಕೇ ಇದು.

ಮೊದಲು ಅಪ್ಪ. ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿದವರು. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನಿಂದ ವಿಆರ್‌ಎಸ್ ತೆಗೆದುಕೊಂಡು ಮನೆಗೆ ಬಂದರು. ನಾನು ಆಗಷ್ಟೇ ಕ್ಯೂಯಿಂಗ್ ಥಿಯರಿ, ಅಂದರೆ ಸರತಿ ಸಾಲುಗಳ ಗಣಿತ, ಓದಲು ಶುರು ಮಾಡಿದ್ದೆ. "ಕ್ಯೂ ನಿಲ್ಲೋದ್ರಲ್ಲಿ ಎಂಥಾ ಓದೇ?" ಅಂತ ಅಮ್ಮ ನಕ್ಕರು. ಅಪ್ಪ ನಗಲಿಲ್ಲ. "ಎರ್ಲಾಂಗ್ ತಾನೇ?" ಅಂದರು.

ಅಪ್ಪನಿಗೆ ಆ ಹೆಸರು ಗೊತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1909ರಲ್ಲಿ ಬರೆದ ಲೇಖನದಿಂದ ನಮ್ಮ ವಿಷಯ ಹುಟ್ಟಿತು. (ಹಳೇ ಕಂಡಕ್ಟರುಗಳು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕೂಗುವ ನಮ್ಮ ಸಂಸ್ಥೆ ಶುರುವಾದದ್ದೂ ಅದೇ ವರ್ಷ. ಸುಮ್ನೆ ಹೇಳಿದೆ.) ಅಪ್ಪನ ಪಾಲಿಗೆ ಎರ್ಲಾಂಗ್ ಒಬ್ಬ ಮನುಷ್ಯ ಅಲ್ಲ, ಒಂದು ಅಳತೆ. ಒಂದು ಲೈನು ಗಂಟೆ ಪೂರ್ತಿ ಮಾತಿನಲ್ಲಿದ್ದರೆ ಒಂದು ಎರ್ಲಾಂಗ್. ನೂರು ಕರೆಗೆ ಎರಡಕ್ಕಿಂತ ಜಾಸ್ತಿ ಎಂಗೇಜ್ ಬರಬಾರದು ಅಂದರೆ, ಹತ್ತು ಲೈನು ಸುಮಾರು 5 ಎರ್ಲಾಂಗ್ ಹೊರುತ್ತವೆ. ಇಪ್ಪತ್ತು ಲೈನು ಹೊರುವುದು 10 ಅಲ್ಲ, 13. ಜೊತೆಗಿದ್ದಷ್ಟೂ ಒಂದರ ಬಿಡುವು ಇನ್ನೊಂದಕ್ಕೆ ಒದಗುತ್ತದೆ. ಅಪ್ಪ ಇದನ್ನು ಊಟದ ತಟ್ಟೆ ಸರಿಸಿ, ಹುಣಸೆಬೀಜ ಜೋಡಿಸಿ ತೋರಿಸಿದರು. ಕ್ಲಾಸಿನಲ್ಲಿ ಸೂತ್ರವನ್ನು ಎರಡು ಸಲ ಬರೆದುಕೊಂಡಿದ್ದೆ. ಅರ್ಥವಾದದ್ದು ಅವತ್ತು.

ನನ್ನ ಕೆಲಸ ಫೋನ್ ಕರೆಗಳದ್ದಲ್ಲ, ಇಂಟರ್‌ನೆಟ್ಟಿನ ರೂಟರುಗಳಲ್ಲಿ ಕಾಯುವ ಪ್ಯಾಕೆಟ್ಟುಗಳದ್ದು. ಒಂದೇ ಕಿಂಡಿಯ ಅತಿ ಸರಳ ಕ್ಯೂ ತೆಗೆದುಕೊಳ್ಳಿ. ಹೊರೆ ಶೇ. 50 ಇದ್ದರೆ, ಅಂದರೆ ಕಿಂಡಿ ಅರ್ಧ ಹೊತ್ತು ಕೆಲಸದಲ್ಲಿದ್ದರೆ, ಅಲ್ಲಿ ಸರಾಸರಿ ಒಬ್ಬರಿರುತ್ತಾರೆ. ಶೇ. 90 ಆದರೆ 9 ಜನ. ಶೇ. 99 ಆದರೆ 99 ಜನ. ಆ ತುದಿಯಲ್ಲಿ ಕ್ಯೂ ನಡೆದುಕೊಳ್ಳುವ ರೀತಿಯೇ ಬೇರೆ. ನೀರಿನಲ್ಲಿ ಸಣ್ಣ ಕಣ ಗೊತ್ತುಗುರಿಯಿಲ್ಲದೆ ಓಲಾಡುತ್ತದಲ್ಲ, 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿದ ಬ್ರೌನಿಯನ್ ಚಲನೆ, ಹಾಗೆ. ಸೊನ್ನೆಯ ಹತ್ತಿರ ಮಾತ್ರ ಒಂದು ಗೋಡೆ ಇದೆ, ಕ್ಯೂ ಅದರಿಂದ ಕೆಳಗೆ ಇಳಿಯಲಾರದು. ಹಲವು ಕ್ಯೂಗಳು ಒಂದಕ್ಕೊಂದು ಸೇರಿದ ದೊಡ್ಡ ಜಾಲಗಳಿಗೂ ಇದು ನಿಜ ಅಂತ ಸಾಧಿಸಿದ್ದೇನೆ ಅಂದುಕೊಂಡು ನಾಲ್ಕನೇ ವರ್ಷದಲ್ಲಿ ನಾನು ಬೀಗುತ್ತಿದ್ದೆ.

ಆಗ ಹೆಸರಘಟ್ಟದ ಕಡೆ ಐಸಿಟಿಎಸ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಅಲ್ಲಿ ಪರಿಚಯವಾದ ಗೆಳೆಯ ಭೌತಶಾಸ್ತ್ರದವನು, ಆಯಸ್ಕಾಂತಗಳ ಮೇಲೆ ಕೆಲಸ. ಟೀ ಕುಡಿಯುತ್ತಾ ಕೇಳಿದ: "ಎರಡು ಲಿಮಿಟ್ ತಗೊಂಡಿದ್ದೀಯಲ್ಲ, ಯಾವುದು ಮೊದಲು?"

ಲಿಮಿಟ್ ಅಂದರೆ ಒಂದನ್ನು ಅದರ ತುದಿಯವರೆಗೆ ಒಯ್ಯುವುದು. ನನ್ನವು ಎರಡು: ಕಾಲವನ್ನು ಕೊನೆಯಿಲ್ಲದಷ್ಟು ಬಿಡುವುದು, ಹೊರೆಯನ್ನು ಶೇ. 100ರವರೆಗೆ ಒಯ್ಯುವುದು. "ಯಾವುದಾದ್ರೇನು?" ಅಂದೆ.

ಅವನು ವಾದ ಮಾಡಲಿಲ್ಲ. ಕಾಗದದ ಮೇಲೆ 0.99 ಅಂತ ಬರೆದ. ಅದನ್ನು ಸಾವಿರ ಸಲ ಗುಣಿಸು. ಬರುವುದು ಸುಮಾರು 0.00004. ಗುಣಿಸುತ್ತಲೇ ಹೋದರೆ ಸೊನ್ನೆ. ಅದರ ಬದಲು ಮೊದಲೇ 0.99ನ್ನು 1ರವರೆಗೆ ಎಳೆದುಬಿಡು, ಆಮೇಲೆ ಎಷ್ಟು ಸಲ ಬೇಕಾದರೂ ಗುಣಿಸು. 1 ಒಂದಾಗಿಯೇ ಇರುತ್ತದೆ. ಅವನ ಆಯಸ್ಕಾಂತಗಳಲ್ಲೂ ಇದೇ ಕಥೆಯಂತೆ. ಹೊರಗಿನ ಕಾಂತಕ್ಷೇತ್ರವನ್ನು ಮೊದಲು ಸೊನ್ನೆಗೆ ಇಳಿಸಿ, ಆಮೇಲೆ ಆಯಸ್ಕಾಂತದ ತುಂಡನ್ನು ದೊಡ್ಡದು ಮಾಡಿದರೆ ಲೆಕ್ಕದಲ್ಲಿ ಕಾಂತತ್ವವೇ ಬರುವುದಿಲ್ಲ. ಮೊದಲು ದೊಡ್ಡದು ಮಾಡಿ ಆಮೇಲೆ ಸೊನ್ನೆಗೆ ಇಳಿಸಿದರೆ, ತಣ್ಣಗಿರುವಾಗ, ಉಳಿಯುತ್ತದೆ. ಅವರಿಗೆ ಇದು ಎರಡನೇ ವಾರದ ಪಾಠ. ನಮ್ಮಲ್ಲೂ ಗೊತ್ತಿರಬೇಕಾದದ್ದೇ. ನಾನು ಮರೆತಿದ್ದೆ.

ನನಗೆ ಬೇಕಿದ್ದದ್ದು ಜಾಲವನ್ನು ಬಹಳ ಕಾಲ ಓಡಲು ಬಿಟ್ಟು, ಆಮೇಲೆ ಹೊರೆಯನ್ನು ಶೇ. 100ರ ಹತ್ತಿರ ತರುವುದು. ಸಾಧಿಸಿದ್ದದ್ದು ಅದರ ಉಲ್ಟಾ. ನಡುವೆ ಒಂದು ಲೆಮ್ಮಾದಲ್ಲಿ (ಪ್ರಮೇಯಕ್ಕೆ ಮೆಟ್ಟಿಲಾಗುವ ಚಿಕ್ಕ ಹೇಳಿಕೆ) ಎರಡನ್ನೂ ಸದ್ದಿಲ್ಲದೆ ಅದಲುಬದಲು ಮಾಡಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲೇ ಅದು ಕಣ್ಣಿಗೆ ಬಿತ್ತು. ಮೆಜೆಸ್ಟಿಕ್ ತನಕ ಯಾಕೆ ಹೋದೆ ಅಂತ ಇವತ್ತಿಗೂ ಗೊತ್ತಿಲ್ಲ.

ಮರುದಿನ ಗೈಡ್ ಮೇಡಂ ಹತ್ತಿರ ಹೋಗಿ ಅತ್ತೆ. ಅವರು ಕೇಳಿದ್ದು ಒಂದೇ: "ನಿಮ್ಮ ಪ್ರಮೇಯ ಸುಳ್ಳು ಅಂತ ಗೊತ್ತಾಯ್ತಾ, ಇಲ್ಲಾ ಪ್ರೂಫ್ ಇಲ್ಲ ಅಂತ ಗೊತ್ತಾಯ್ತಾ? ಎರಡೂ ಬೇರೆ ಬೇರೆ ಅಲ್ವಾ?" ಮೇಡಂ, ಆಮೇಲಿನ ಹದಿನಾಲ್ಕು ತಿಂಗಳು ನಾನು ಆ ಮಾತಿನ ಮೇಲೆ ನಿಂತಿದ್ದೆ.

ಆ ಹದಿನಾಲ್ಕು ತಿಂಗಳನ್ನು ಇಲ್ಲಿ ಬಿಚ್ಚಿಡುವುದಿಲ್ಲ. ರೂಮ್‌ಮೇಟ್ ಎಷ್ಟೋ ರಾತ್ರಿ ಮೆಸ್ಸಿನಿಂದ ಮೊಸರನ್ನ ಡಬ್ಬಿಗೆ ಹಾಕಿ ತಂದಿಟ್ಟಳು. ಫೆಲೋಶಿಪ್ ನಿಂತ ಮೇಲೆ ಅಕ್ಕ ಐದು ತಿಂಗಳು ದುಡ್ಡು ಕಳಿಸಿದಳು. ಯಾವಾಗ ಮುಗಿಯುತ್ತೆ ಅಂತ ಒಂದು ಸಲವೂ ಕೇಳಲಿಲ್ಲ. ಅಕ್ಕ ಏನೇ ಆದರೂ ಪ್ರಶ್ನೆ ಕೇಳುವವಳು. ಕೇಳದೇ ಇರಲು ಅವಳಿಗೆಷ್ಟು ಕಷ್ಟವಾಗಿರಬೇಕು!

ಮುಖ ನೋಡದ ಇಬ್ಬರಿಗೂ ಋಣಿ. ಡೇವಿಡ್ ಗಮಾರ್ನಿಕ್ ಮತ್ತು ಅಸಾಫ್ ಜೀವಿ 2006ರಲ್ಲಿ, ಜ್ಯಾಕ್ಸನ್ ಜಾಲ ಅನ್ನುವ ಬಗೆಯ ಜಾಲಗಳಲ್ಲಿ ಇದೇ ಅದಲುಬದಲು ಯಾಕೆ ಸರಿ ಅಂತ ಸಾಧಿಸಿದರು. ಉಪಾಯ ರಷ್ಯಾದ ಗಣಿತಜ್ಞ ಲ್ಯಾಪುನೋವ್‌ನದ್ದು, 1892ರಷ್ಟು ಹಳೆಯದು. ಎಲ್ಲ ಕ್ಯೂಗಳಿಗೂ ಸೇರಿ ಒಂದು 'ಶಕ್ತಿ' ಕಟ್ಟಿಕೊಳ್ಳಬೇಕು. ಅದು ಮೇಲೇರಿದಾಗಲೆಲ್ಲ ಸರಾಸರಿಯಲ್ಲಿ ಇಳಿದೇ ಇಳಿಯುತ್ತದೆ ಅಂತ ತೋರಿಸಬೇಕು. ನನ್ನ ಜಾಲಗಳಿಗೆ ಅವರ ಶಕ್ತಿ ನೇರವಾಗಿ ಹೊಂದಲಿಲ್ಲ. ಹೊಂದುವಂಥದ್ದು ಹುಡುಕುವಷ್ಟರಲ್ಲಿ ಪ್ರಮೇಯ ಚಿಕ್ಕದಾಯಿತು. ಮೊದಲು ಹೇಳಿಕೊಂಡಿದ್ದ ಜಾಲಗಳಲ್ಲಿ ಕೆಲವಕ್ಕೆ ಮಾತ್ರ ಈಗ ಅದು ಅನ್ವಯ. ಉಳಿದವು ಸುಳ್ಳೋ ನಿಜವೋ, ಮುಂದೆ ನೋಡೋಣ.

ವೈವಾ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟ್ ಹಾಕಿಕೊಂಡು ಕೊನೇ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ, "ಇಪ್ಪತ್ತು ಲೈನಿನ ವಿಷ್ಯ ಎಲ್ಲೂ ಬರ್ಲೇ ಇಲ್ವಲ್ಲಮ್ಮ?" ಅಂತ ಕೇಳಿದರು. ಮೂರನೇ ಪುಟದಲ್ಲಿದೆ ಅಪ್ಪ, ತೋರಿಸ್ತೀನಿ.

ಆಯಸ್ಕಾಂತದ ಗೆಳೆಯನ ವೈವಾ ಡಿಸೆಂಬರಿನಲ್ಲಿ. ಆವತ್ತು ನಾನೂ ಕೊನೇ ಸಾಲಿನಲ್ಲಿ ಇರುತ್ತೇನೆ. ಒಂದು ಪ್ರಶ್ನೆ ಇದೆ, ತಯಾರಾಗಿರಪ್ಪಾ.