ಆ್ಯಂಟಿಬಯೋಟಿಕ್ ಕೊಡುವ ಮೊದಲು ಕೇಳುವ ಪ್ರಶ್ನೆಗಳ ಬಗ್ಗೆ

ತೀರ್ಥಹಳ್ಳಿ ಮತ್ತು ಸುತ್ತಲಿನ ನಮ್ಮ ಸದಸ್ಯರಿಗೆ, ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮ ಸಂಘದ ಔಷಧಿ ಅಂಗಡಿಯಲ್ಲಿ ಚೀಟಿ ತಂದರೂ ಆ್ಯಂಟಿಬಯೋಟಿಕ್ ತಕ್ಷಣ ಕೈಗೆ ಸಿಗುವುದಿಲ್ಲ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಸ್ಟ್ರಿಪ್ ತೋರಿಸಬೇಕು. ಕಿಡ್ನಿ, ಲಿವರ್, ಹಾರ್ಟ್ ತೊಂದರೆ ಇದ್ದರೆ ಹೇಳಬೇಕು. ಬಸ್ಸಿಗೆ ಹೊತ್ತಾದವರನ್ನು ನಿಲ್ಲಿಸಿಕೊಳ್ಳುವುದು ನಮಗೂ ಬೇಸರವೇ. ಕ್ಷಮೆ ಇರಲಿ.

"ಡಾಕ್ಟ್ರೇ ಬರೆದಿದ್ದಾರೆ, ಮಧ್ಯ ನಿಮ್ಮದೇನು?" ಈ ಮಾತು ದಿನಾ ಕೇಳುತ್ತಿದ್ದೇವೆ. ಡಾಕ್ಟರ ತಪ್ಪು ಹುಡುಕುವ ಉದ್ದೇಶ ನಮಗಿಲ್ಲ. ಹಾರ್ಟಿಗೆ ಮಣಿಪಾಲ, ಶುಗರಿಗೆ ಶಿವಮೊಗ್ಗ, ಜ್ವರಕ್ಕೆ ಊರಿನ ಡಾಕ್ಟರು. ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬಿದ್ದಿರುವುದಿಲ್ಲ. ಎಲ್ಲ ಚೀಟಿಯೂ ಸೇರುವುದು ನಮ್ಮ ಕೌಂಟರಿನಲ್ಲಿ. "ಬೇರೆ ಔಷಧಿ ಇದೆಯಾ?" ಎಂದರೆ ಹೆಚ್ಚಿನವರು "ಇಲ್ಲ" ಅನ್ನುತ್ತಾರೆ. ವರ್ಷಗಟ್ಟಲೆ ನುಂಗುವ ಬಿಪಿ ಮಾತ್ರೆ ಔಷಧಿಯ ಲೆಕ್ಕಕ್ಕೇ ಬರುವುದಿಲ್ಲ. ಚೀಲ ತೆಗೆಸಿದರೆ ಅಡಿಕೆ ಮಂಡಿಯ ಬಿಲ್ಲಿನ ಹಿಂದೆ ವಾರ್ಫರಿನ್ ಸ್ಟ್ರಿಪ್ ಇರುತ್ತದೆ! ರಕ್ತ ತೆಳು ಮಾಡುವ ಆ ಮಾತ್ರೆಯ ಜೊತೆ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಲೆವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಶುಗರ್ ತೀರಾ ಇಳಿಯಬಹುದು. ಮಳೆಗಾಲದಲ್ಲಿ ಇಲಿ ಜ್ವರಕ್ಕೆ ಬರೆಯುವ ಡಾಕ್ಸಿಸೈಕ್ಲಿನ್ ಅನ್ನು ಕಬ್ಬಿಣದ ಮಾತ್ರೆ ಅಥವಾ ಆ್ಯಸಿಡಿಟಿ ಸಿರಪ್ ಜೊತೆ ಒಂದೇ ಹೊತ್ತಿಗೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೊತ್ತು ಬೇರೆ ಮಾಡಿದರೆ ಸಾಕು. ಕಿಡ್ನಿ ಸೋತವರಿಗೆ ಕೆಲವು ಆ್ಯಂಟಿಬಯೋಟಿಕ್‌ನ ಡೋಸೇ ಕಡಿಮೆ ಮಾಡಬೇಕಾಗುತ್ತದೆ. ಅನುಮಾನ ಬಂದರೆ ನಾವೇ ಡಾಕ್ಟರಿಗೆ ಫೋನ್ ಮಾಡುತ್ತೇವೆ. ನಿಮ್ಮಷ್ಟಕ್ಕೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಇನ್ನು ರೇಟಿನ ಮಾತು. "ಇಷ್ಟೆಲ್ಲ ಮಾಡೋದು ದುಡ್ಡು ಜಾಸ್ತಿ ಮಾಡೋಕೆ" ಎಂಬ ಮಾತು ನಿಜವಾಗಿಯೂ ನೋಯಿಸಿದೆ. ಅಗತ್ಯ ಔಷಧಿಗಳ ಗರಿಷ್ಠ ಬೆಲೆ ಹಾಕುವುದು ಕೇಂದ್ರ ಸರ್ಕಾರ. ಪ್ಯಾಕಿನ ಮೇಲಿನ ಎಂಆರ್‌ಪಿಗಿಂತ ಒಂದು ಪೈಸೆಯನ್ನೂ ನಾವು ಜಾಸ್ತಿ ತೆಗೆದುಕೊಂಡಿಲ್ಲ. ಈ ವಿಚಾರಣೆಗೆಂದೇ ಇನ್ನೊಬ್ಬ ಫಾರ್ಮಸಿಸ್ಟ್ ಇಟ್ಟಿದ್ದೇವೆ, ಸಂಬಳ ಸಂಘದ್ದು. ಎಚ್‌1 ಪಟ್ಟಿಯ ಔಷಧಿಗಳಿಗೆ (ಕೆಲವು ಆ್ಯಂಟಿಬಯೋಟಿಕ್ ಸೇರಿ ಸರ್ಕಾರ ಬಿಗಿ ನಿಯಮ ಹಾಕಿದ ಔಷಧಿಗಳು) 2014ರಿಂದ ಬೇರೆ ರಿಜಿಸ್ಟರ್ ಇಡಬೇಕು, ಅದನ್ನು 3 ವರ್ಷ ಕಾಯ್ದಿಡಬೇಕು. ಆ ಕೆಲಸವೂ ನಮ್ಮದೇ. ಇದಕ್ಕೆಲ್ಲ ನಿಮ್ಮ ಬಿಲ್ಲಿಗೆ ಏನೂ ಸೇರುವುದಿಲ್ಲ.

ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೇಳಬೇಡಿ, ಕೊಡುವುದಿಲ್ಲ.

ವಯಸ್ಸಾದವರು ಅಂಗಡಿಗೆ ಬರಲೇಬೇಕೆಂದಿಲ್ಲ. ಮಾತ್ರೆಗಳ ಫೋಟೊ ಮೊಬೈಲಿನಲ್ಲಿ ತೆಗೆದು ಮಕ್ಕಳ ಕೈಲಿ ಚೀಟಿ ಕಳಿಸಿ. ಸ್ಟ್ರಿಪ್ ಹರಿದಿದ್ದರೆ ಉಳಿದ ತುಂಡನ್ನೇ ತನ್ನಿ, ಹೆಸರು ನಾವು ಓದಿಕೊಳ್ಳುತ್ತೇವೆ.

ನಿಮ್ಮ ಸಂಘದ ಔಷಧಿ ವಿಭಾಗ