ಮುರುಗಲ ನೆರಳು, ಅವರೆಯ ಚಪ್ಪರ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಂತೆ ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಮನೆಗೊಂದು ನಿತ್ಯಹರಿದ್ವರ್ಣದ ಮರ ನೆಡಿರೆಂಬ ಬರಹ ಪ್ರತಿ ವರ್ಷವೂ ಕಾಣಿಸಿಕೊಳ್ಳುತ್ತದೆ. ಈ ಸಲದ ಬರಹದಲ್ಲಿ ಒಂದು ಮಾತು ಹೆಚ್ಚಿಗೆ ಸೇರಿತ್ತು: ನಾಲ್ಕು ತಿಂಗಳು ಬದುಕುವ ಅವರೆ, ಅಲಸಂದೆಯ ಬಳ್ಳಿಗಳಿಗೆ ಹಿತ್ತಲನ್ನು ಬಿಟ್ಟುಕೊಡುವುದಕ್ಕಿಂತ ಮೂರು ತಲೆಮಾರು ಬಾಳುವ ಮರಕ್ಕೆ ಕೊಡುವುದೇ ಲೇಸು ಎಂದು. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಡಿಕೆ ತೋಟ ಇರುವವರಿಗೆ ಈ ಮಾತು ಒಪ್ಪೀತು. ಶಿರಸಿ ಪೇಟೆಯ ಅಂಚಿನಲ್ಲಿ ಐದು ಗುಂಟೆ ಕೊಂಡು, ಅದರಲ್ಲಿ ಮನೆ, ಬಾವಿ, ಎರಡು ತೆಂಗು, ಸ್ಕೂಟರಿನ ಮಾಡು ಎಲ್ಲವನ್ನೂ ಕಳೆದು, ಉಳಿದ ಅಂಗೈಯಗಲದ ಜಾಗವನ್ನೇ ಹಿತ್ತಲು ಎಂದು ಕರೆಯುವ ನನ್ನಂಥವರಿಗೆ ಇದು ಅಷ್ಟು ಸಲೀಸಾಗಿ ತೀರ್ಮಾನವಾಗುವ ಸಂಗತಿಯಲ್ಲ. 1983ರಲ್ಲಿ ಸಾಲ್ಕಣಿಯ ಜನ ಕಾಡಿನ ಮರಗಳನ್ನು ಅಪ್ಪಿ ನಿಂತ ತಾಲ್ಲೂಕಿನವನಾಗಿ ಮರಕ್ಕೆ ಎದುರಾಗಿ ಬರೆಯಲು ಕೈ ತುಸು ಹಿಂಜರಿಯುತ್ತದೆ. ಆದರೆ ನನ್ನ ತಕರಾರು ಮರದ ಮೇಲಲ್ಲ, ಬಿಸಿಲಿನ ಲೆಕ್ಕವನ್ನೇ ಬಿಟ್ಟು ಕೊಡುವ ಸಲಹೆಯ ಮೇಲೆ.

ಹನ್ನೊಂದು ವರ್ಷಗಳ ಹಿಂದೆ ನಾನೂ ಇಂಥದೇ ಸಲಹೆಯನ್ನು ನಂಬಿ, ಹಿತ್ತಲಿನ ದಕ್ಷಿಣದ ಬೇಲಿಗೆ ತಾಗಿ ಒಂದು ಮುರುಗಲ (ಕೋಕಂ, ಅಂದರೆ ಪುನರ್ಪುಳಿಯ) ಸಸಿಯನ್ನು ನೆಟ್ಟೆ. ಹಣ್ಣು ಬಿಡುವ ಮರದ ಕುಡಿ ಕಟ್ಟಿದ ಕಸಿ ಸಸಿ ಎಂದು ಹೇಳಿ ಮಾರಿದ ನರ್ಸರಿಯವರು ನಿಜವಾಗಿ ಕೊಟ್ಟದ್ದು ಬೀಜದ ಸಸಿಯನ್ನು ಎಂಬುದು ತಿಳಿಯಲು ಎಂಟು ವರ್ಷ ಕಾಯಬೇಕಾಯಿತು. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡೇ ಆಗುತ್ತವೆ, ಮತ್ತು ಹೂ ಬಿಡುವವರೆಗೆ ಎಲೆಯನ್ನೋ ಕಾಂಡವನ್ನೋ ನೋಡಿ ಯಾವುದು ಯಾವುದೆಂದು ಹೇಳುವ ಉಪಾಯ ನಮ್ಮಂಥವರ ಬಳಿ ಇಲ್ಲ. ಒಂಬತ್ತನೆಯ ವರ್ಷದ ಡಿಸೆಂಬರಿನಲ್ಲಿ ಕೊಂಬೆಯ ಸಂದುಗಳಲ್ಲಿ ಗೊಂಚಲುಗೊಂಚಲಾಗಿ ಹೂ ಬಿಟ್ಟಿತು. ಸಂಭ್ರಮದಿಂದ ಒಂದನ್ನು ಕಿತ್ತು ಕನ್ನಡಕ ಹಾಕಿಕೊಂಡು ನೋಡಿದರೆ ಒಳಗೆ ಇದ್ದದ್ದು ಕೇಸರಗಳ ಒಂದು ಪುಟ್ಟ ಮುದ್ದೆ; ಕಾಯಾಗುವ ಅಂಡಾಶಯದ ಗುರುತೇ ಇಲ್ಲ. ಈ ಮನೆಯಲ್ಲಿ ಕೆಲಸಕ್ಕೆ ಬಾರದ ಗಂಡಸರು ಇಬ್ಬರಾದರು ಎಂದು ನನ್ನ ಹೆಂಡತಿ ಅಂದು ಆಡಿದ ಮಾತು ಈಗ ಬಂಧುಬಳಗದಲ್ಲೆಲ್ಲ ಗಾದೆಯಾಗಿದೆ.

ಹಣ್ಣು ಬರಲಿಲ್ಲವೆಂಬುದಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಆಗಿತ್ತು. ಆ ಮರದ ಉತ್ತರಕ್ಕೆ ನಮ್ಮ ಅವರೆಯ ಚಪ್ಪರವಿತ್ತು. ಮೊದಲ ನಾಲ್ಕೈದು ವರ್ಷ ಅಲ್ಲಿಂದ ಮನೆಗೂ ಅಕ್ಕಪಕ್ಕದವರಿಗೂ ಸಾಕಾಗುವಷ್ಟು ಕಾಯಿ ಕೊಯ್ದಿದ್ದೇವೆ. ಮರ ಮಾಡಿನ ಎತ್ತರ ಮೀರಿದ ಮೇಲೆ ಬಳ್ಳಿ ಹಬ್ಬುತ್ತಿತ್ತು, ಎಲೆಯೂ ಹುಲುಸಾಗಿ ಬರುತ್ತಿತ್ತು, ಹೂವು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಯಿತು. ಗೊಬ್ಬರ ಹೆಚ್ಚಿಸಿದೆ, ಬೂದಿ ಎರಚಿದೆ, ಬೀಜ ಬದಲಿಸಿದೆ. ಕಾರಣ ಇದ್ದದ್ದು ಆಕಾಶದಲ್ಲಿ.

ಶಿರಸಿಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆಗ ಮರದ ನೆರಳು ಹೆಚ್ಚುಕಡಿಮೆ ಅದರ ಬುಡದಲ್ಲೇ ಬೀಳುವುದರಿಂದ ಯಾರಿಗೂ ತೊಂದರೆಯಿಲ್ಲ. ಆ ಬಳಿಕ ಅವನು ದಕ್ಷಿಣಕ್ಕೆ ಜಾರುತ್ತ ಹೋಗಿ, ಡಿಸೆಂಬರಿನಲ್ಲಿ ನಡುಹಗಲಿನಲ್ಲೂ ಸುಮಾರು 52 ಡಿಗ್ರಿಗಿಂತ ಮೇಲೆ ಏರುವುದಿಲ್ಲ. 30 ಅಡಿಯ ಮರ ಆ ದಿನಗಳಲ್ಲಿ ಉತ್ತರದ ಕಡೆ ಸುಮಾರು 23 ಅಡಿ ಉದ್ದದ ನೆರಳನ್ನು ಹಾಸುತ್ತದೆ. ನಮ್ಮ ಊರಿನ ಚಪ್ಪರದವರೆಯ ಸ್ವಭಾವವಾದರೋ, ಮೃಗಶಿರಾ ಮಳೆಯ ಹೊತ್ತಿಗೆ ಗುಳಿಯಲ್ಲಿ ಊರಿದರೂ ಹಗಲು ಕಿರಿದಾಗುವವರೆಗೆ ಬರೀ ಎಲೆ ಬಿಡುತ್ತಿದ್ದು, ತುಳಸಿ ಮದುವೆಯ ಸುಮಾರಿಗೆ ಹೂವಿಗೆ ತಿರುಗುವುದು. ಅಂದರೆ ಅವರೆಗೆ ಬಿಸಿಲು ಅತ್ಯಗತ್ಯವಾದ ತಿಂಗಳೂ ಮರದ ನೆರಳು ಅತಿ ಉದ್ದವಾಗುವ ತಿಂಗಳೂ ಒಂದೇ. ಸಾಗವಾನಿಯಾಗಿದ್ದರೆ ಚಳಿಗಾಲದ ಕೊನೆಗಾದರೂ ಎಲೆ ಉದುರಿಸಿ ಜಾಗ ಬಿಡುತ್ತಿತ್ತು. ಮುರುಗಲು, ರೆಂಜೆ, ಹಲಸು ಎಲೆ ಉದುರಿಸುವುದೇ ಇಲ್ಲವೆಂದಲ್ಲ, ಅವುಗಳ ಅಡಿಯ ದರಕನ್ನು, ಅಂದರೆ ತರಗೆಲೆಯನ್ನು, ವರ್ಷವಿಡೀ ಗುಡಿಸುವವರಿಗೆ ಅದು ಗೊತ್ತು. ಆದರೆ ಹಳೆಯದು ಬೀಳುವುದರೊಳಗೆ ಹೊಸದು ಬಂದಿರುತ್ತದೆಯಾದ್ದರಿಂದ ಕೊಡೆ ಎಂದೂ ಮಡಚುವುದಿಲ್ಲ. ನಿತ್ಯಹರಿದ್ವರ್ಣವೆಂದು ಹೊಗಳುವ ಗುಣವೇ ಸಣ್ಣ ಹಿತ್ತಲಿನಲ್ಲಿ ತಪ್ಪು ದಿಕ್ಕಿಗೆ ಬಿದ್ದರೆ ಕಂಟಕವಾಗುತ್ತದೆ. ಅದೇ ಮರ ಪಶ್ಚಿಮಕ್ಕೋ ವಾಯವ್ಯಕ್ಕೋ ಇದ್ದಿದ್ದರೆ ಮಾರ್ಚ್, ಏಪ್ರಿಲಿನ ಇಳಿಬಿಸಿಲು ಗೋಡೆಗೆ ಹೊಡೆಯುವುದನ್ನೂ ಆಷಾಢದ ಗಾಳಿಯನ್ನೂ ತಡೆದು ಉಪಕಾರ ಮಾಡುತ್ತಿತ್ತು.

ಬಳ್ಳಿಯ ಪರ ವಹಿಸುವವರೂ ಒಂದು ಅತಿಶಯದ ಮಾತನ್ನು ಆಡುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಅವರೆ, ಅಲಸಂದೆ ಬೆಳೆದರೆ ಸಾಕು, ಮಣ್ಣಿಗೆ ಸಾರಜನಕ ತಾನಾಗಿ ತುಂಬುತ್ತದೆ ಎಂಬುದು ಅರ್ಧ ಸತ್ಯ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದು ನಿಜ, ಹೂ ಬಿಡುವ ಹೊತ್ತಿಗೆ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಗುಲಾಬಿ ಬಣ್ಣ ಕಂಡೀತು, ಅದು ಕೆಲಸ ನಡೆಯುತ್ತಿರುವುದರ ಗುರುತು. ಆದರೆ ಕಾಯಿ ಬಲಿಯುವಾಗ ಆ ಸಂಪಾದನೆಯ ಬಹುಪಾಲು ಕಾಳಿನೊಳಗೆ ಸೇರುತ್ತದೆ. ಕಾಳನ್ನು ನಾವು ತಿಂದು, ಬಳ್ಳಿಯನ್ನು ಬೇರುಸಹಿತ ಕಿತ್ತು ಬೇಲಿಯಾಚೆ ಎಸೆದರೆ ಮಣ್ಣಿಗೆ ಉಳಿಯುವುದು ಅತ್ಯಲ್ಪ. ಬುಡದಲ್ಲಿ ಕತ್ತರಿಸಿ ಬೇರನ್ನು ಅಲ್ಲೇ ಬಿಟ್ಟು, ಸೊಪ್ಪನ್ನು ತೆಂಗಿನ ಬುಡಕ್ಕೆ ಹಾಕಿದರೆ ಮಾತ್ರ ಆ ಹೊಗಳಿಕೆ ಸಲ್ಲುತ್ತದೆ. ಮಂಗಗಳ ಪಾಲನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಶಿರಸಿಯಲ್ಲಿ ಯಾರೂ ಏನನ್ನೂ ಬೆಳೆಯಲಾರರು.

ಕರಾವಳಿಗೆ ಇಳಿದರೆ ಉತ್ತರ ಬದಲಾಗುತ್ತದೆ ಎಂಬುದನ್ನೂ ಒಪ್ಪಬೇಕು. ಕಾರವಾರದಲ್ಲಿ ಕಡಲಿಗೆ ಹತ್ತಿರವಿರುವ ನನ್ನ ಭಾವನ ಮನೆಯಲ್ಲಿ ಉಪ್ಪುಗಾಳಿಗೆ ಅಲಸಂದೆಯ ಎಲೆಯಂಚು ಸುಟ್ಟಂತೆ ಕರಕಲಾಗುತ್ತಿತ್ತು. ಪಡುವಣ ಬೇಲಿಯಲ್ಲಿ ಹಿರಿಯರು ನೆಟ್ಟಿದ್ದ ಹೊನ್ನೆ ಮರದ ಮರೆಗೆ ಚಪ್ಪರವನ್ನು ಸರಿಸಿದ ಮೇಲೆಯೇ ಅವನಿಗೆ ಕಾಯಿ ದಕ್ಕಿದ್ದು. ಅಲ್ಲಿ ಮರ ಮೊದಲು, ಬಳ್ಳಿ ಆಮೇಲೆ. ಕಾರವಾರದ ತೀರದುದ್ದಕ್ಕೂ ನಿಂತಿರುವ ಗಾಳಿಮರವಂತೂ ಹುರುಳಿ, ಅವರೆಗಳ ಕುಲಕ್ಕೆ ಸೇರದಿದ್ದರೂ ಫ್ರಾಂಕಿಯಾ ಎಂಬ ಬೇರೆಯದೇ ಜೀವಾಣುವಿನ ನೆರವಿನಿಂದ ಮರಳಿನಲ್ಲೂ ಸಾರಜನಕ ಕೂಡಿಸಿಕೊಳ್ಳುತ್ತದೆ.

ಹೀಗಿರುವಾಗ ನಿತ್ಯಹರಿದ್ವರ್ಣ ಎಂಬ ಒಂದೇ ಪದವನ್ನು ಹಿಡಿದು ಸಸಿ ಹಂಚುವುದು ಎಷ್ಟು ಸರಿ? ನಮ್ಮ ಜಿಲ್ಲೆಯ ಗುಡ್ಡಗಳನ್ನು ತುಂಬಿರುವ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಕೂಡ ವರ್ಷವಿಡೀ ಹಸಿರಾಗಿರುವ ಮರವೇ. ಅಷ್ಟೇ ಅಲ್ಲ, ಸುರುಳಿ ಸುತ್ತಿದ ಅದರ ಕೋಡುಗಳನ್ನು ನೋಡಿದವರಿಗೆ ಅದು ಅವರೆಯ ದಾಯಾದಿ ಎಂಬುದೂ ಹೊಳೆದೀತು. ಮರವೂ ಹೌದು, ಅವರೆಯ ಕುಲವೂ ಹೌದು ಎಂದು ಅದನ್ನು ಯಾರೂ ಹಿತ್ತಲಿಗೆ ತರುವುದಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಸಸಿ ಮಾರುವವರಲ್ಲೂ ವನಮಹೋತ್ಸವದಲ್ಲಿ ಸಸಿ ಹಂಚುವವರಲ್ಲೂ ನನ್ನ ಬೇಡಿಕೆ ಇಷ್ಟೇ. ಸಸಿಯ ಹೆಸರಿನ ಜೊತೆಗೆ ಅದು ಬೀಜದ್ದೋ ಕಸಿಯದ್ದೋ, ಬೆಳೆದರೆ ಎಷ್ಟು ಎತ್ತರ, ಎಷ್ಟು ಅಗಲ ಎಂಬುದನ್ನು ಚೀಟಿಯಲ್ಲಿ ಬರೆದು ಕಟ್ಟಲಿ. ಮುರುಗಲಿಗೆ ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಕೊಂಕಣ ಅಮೃತಾದಂಥ ತಳಿಗಳಿವೆ. ಅವುಗಳ ಕಸಿಯೆಂದು ಮಾರುವವರು ಕಸಿಯ ಗಂಟನ್ನು ಗಿರಾಕಿಗೆ ತೋರಿಸಿ ಮಾರಲಿ. ತಮ್ಮ ಅಂಕಣಕಾರರೂ ಮುಂದಿನ ಸಲ ಮರ ನೆಡಿ ಎನ್ನುವಾಗ ಯಾವ ದಿಕ್ಕಿಗೆ ಎಂಬ ಒಂದು ಸಾಲನ್ನು ಸೇರಿಸಲಿ.

ನಾನು ಈ ಜೂನ್‌ನಲ್ಲಿ, ಗಂಟನ್ನು ಕಣ್ಣಾರೆ ನೋಡಿ ತಂದ ಕಸಿ ಸಸಿಯನ್ನು ವಾಯವ್ಯದ ಮೂಲೆಯಲ್ಲಿ ನೆಡುವವನಿದ್ದೇನೆ. ಮುರುಗಲು ಎಳೆಯದಿರುವಾಗ ತುಸು ನೆರಳನ್ನು ಬಯಸುವ ಗಿಡವಾದ್ದರಿಂದ, ಅದಕ್ಕೆ ಐದು ಅಡಿ ದೂರದಲ್ಲಿ ಅವರೆಗೆ ಹೊಸ ಚಪ್ಪರ ಕಟ್ಟಿಸಿದ್ದೇನೆ. ಹತ್ತಿರ ಹಾಕಿದರೆ ಬಳ್ಳಿ ಸಸಿಯ ಕುಡಿಯನ್ನೇ ಸುತ್ತಿ ಬಗ್ಗಿಸುತ್ತದೆ. ದಕ್ಷಿಣದ ಗಂಡು ಮರವನ್ನು ಕಡಿದಿಲ್ಲ, ತಲೆ ಸವರಿ ಮಾಡಿನ ಮಟ್ಟಕ್ಕೆ ಇಳಿಸಿದ್ದೇನೆ. ಬೇಲಿಯಾಚೆಯ ಮನೆಯಲ್ಲೊಂದು ಹೆಣ್ಣು ಮರವಿದೆ. ಅದರ ಹಣ್ಣಿಗೆ ನಮ್ಮ ಮರದ ಪರಾಗದ ಪಾಲೂ ಇದ್ದೀತೆಂದು ಆ ಮನೆಯವರು ಪ್ರತಿ ಮೇ ತಿಂಗಳಲ್ಲಿ ಒಂದು ಬಾಟಲಿ ಮುರುಗಲ ಪಾನಕವನ್ನು ಕಳಿಸುತ್ತಾರೆ.

ಇತಿ,
ಹಿತ್ತಲಿರುವ ಒಬ್ಬ ಓದುಗ, ಶಿರಸಿ