ಜ್ವರ ಬಂದ ದಿನದಿಂದಲ್ಲ, ಸಂಪರ್ಕವಾದ ದಿನದಿಂದ ಎಣಿಸಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಯಾರಿಗಾದರೂ ಜ್ವರ ಕಾಣಿಸಿಕೊಂಡ ಮೇಲೆ ಅವರ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವುದು ನಮ್ಮಲ್ಲಿ ರೂಢಿ. ಕೋವಿಡ್ ವಿಷಯದಲ್ಲಿ ಅಷ್ಟೊತ್ತಿಗೆ ತಡವಾಗಿರುತ್ತದೆ. ಈ ವೈರಾಣು ಮೂಗು, ಗಂಟಲಿನಲ್ಲಿ ವಿಪರೀತ ಹೆಚ್ಚುವುದು ಲಕ್ಷಣಗಳು ಶುರುವಾಗುವ ಆಸುಪಾಸಿನಲ್ಲೇ. ಅದಕ್ಕೂ ಒಂದೆರಡು ದಿನ ಮೊದಲೇ ಸೋಂಕಿತರಿಂದ ಅದು ಹರಡತೊಡಗುತ್ತದೆ. ಕೆಮ್ಮಲೇಬೇಕೆಂದಿಲ್ಲ, ಮುಚ್ಚಿದ ಕೋಣೆಯಲ್ಲಿ ಕೂತು ಮಾತಾಡಿದರೂ ಸಾಕು.

ಇಂಥದೇ ಕೊರೊನಾ ವೈರಾಣುವಿನಿಂದ 2003ರಲ್ಲಿ ಹರಡಿದ ಸಾರ್ಸ್ ಕಾಯಿಲೆ ಹೀಗಿರಲಿಲ್ಲ. ಅದರ ವೈರಾಣು ಅತಿ ಹೆಚ್ಚಾಗುತ್ತಿದ್ದುದು ಕಾಯಿಲೆ ಬಿದ್ದ ಸುಮಾರು ಹತ್ತನೇ ದಿನಕ್ಕೆ. ಹಾಗಾಗಿ ಜ್ವರ ಬಂದವರನ್ನು ಬೇರೆ ಇರಿಸಿಯೇ ಅದನ್ನು ತಡೆಯಲು ಸಾಧ್ಯವಾಯಿತು. 2020ರಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು ಒಳಬಿಟ್ಟದ್ದರಿಂದ ಹೆಚ್ಚೇನೂ ಪ್ರಯೋಜನವಾಗದ್ದೂ ಇದೇ ಕಾರಣಕ್ಕೆ. ಆ ಜನವರಿಯಲ್ಲಿ ಚೀನಾದ ವುಹಾನ್‌ನಿಂದ ಅಲ್ಲಿನದೇ ಆನ್ಯಾಂಗ್ ನಗರಕ್ಕೆ ಬಂದ 20 ವರ್ಷದ ಯುವತಿಗೆ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ, ಎದೆಯ ಸ್ಕ್ಯಾನ್ ಕೂಡ ಸರಿಯಾಗಿತ್ತು. ಆದರೂ ಕುಟುಂಬದ ಐವರಿಗೆ ಸೋಂಕು ತಗುಲಿತು.

ಈಗಿನ ಓಮಿಕ್ರಾನ್ ತಳಿಗಳಲ್ಲಿ ಸೋಂಕಿಗೂ ಲಕ್ಷಣಕ್ಕೂ ಸಾಮಾನ್ಯವಾಗಿ ಮೂರು ದಿನದ ಅಂತರ. ಭಾನುವಾರ ಮದುವೆ ಛತ್ರದಲ್ಲಿ ಸೋಂಕು ತಗುಲಿದವನಿಗೆ ಗಂಟಲು ಕೆರೆಯುವುದು ಬುಧವಾರ. ಆದರೆ ಮಂಗಳವಾರ ರಾತ್ರಿ ಅವನು ಅಜ್ಜಿಯ ಪಕ್ಕದಲ್ಲೇ ಮಲಗಿರುತ್ತಾನೆ. ಸೊಳ್ಳೆ ಬರುತ್ತದೆಂದು ಸಂಜೆ ಆರಕ್ಕೇ ಕಿಟಕಿ ಹಾಕಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಸೀಲಿಂಗ್ ಫ್ಯಾನ್ ಅದೇ ಗಾಳಿಯನ್ನು ಕೋಣೆಯಲ್ಲೇ ಸುತ್ತಿಸುತ್ತದೆ, ಹೊರಗೆ ಹಾಕುವುದಿಲ್ಲ. ಸ್ಪ್ಲಿಟ್ ಎ.ಸಿ.ಯೂ ಅಷ್ಟೇ. ತಟ್ಟೆ ಲೋಟಕ್ಕೆ ತೋರಿಸುವ ಕಾಳಜಿಯ ಅರ್ಧದಷ್ಟನ್ನಾದರೂ ಈ ಗಾಳಿಗೆ ತೋರಿಸಬೇಕು.

ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ, ತೆರೆದಿಡಿ. ಪರದೆಗೆ ಧೂಳು ಕಟ್ಟಿದರೆ ಗಾಳಿ ಆಡುವುದಿಲ್ಲ, ಆಗಾಗ ಬ್ರಷ್‌ನಿಂದ ಉಜ್ಜಿ. ಎದುರುಬದುರು ಕಿಟಕಿ ಇಲ್ಲದ ಕೋಣೆಯಲ್ಲಿ ಟೇಬಲ್ ಫ್ಯಾನನ್ನು ಕಿಟಕಿಯತ್ತ, ಹೊರಮುಖವಾಗಿ ಇಟ್ಟು ಬಾಗಿಲು ತೆರೆದಿಡಿ. ಆದರೆ ಸೋಂಕಿತರಿರುವ ಕೋಣೆಯಲ್ಲಿ ಫ್ಯಾನ್ ಒಳಮುಖವಾಗಿದ್ದರೆ ಅಲ್ಲಿನ ಗಾಳಿಯೆಲ್ಲ ನಡುಮನೆಗೆ ನುಗ್ಗುತ್ತದೆ. ಈ ತಪ್ಪು ತುಂಬ ಸಾಮಾನ್ಯ.

ಜೊತೆಗೆ ಕೂತವರಿಗೆ ಪಾಸಿಟಿವ್ ಎಂದು ತಿಳಿದರೆ ಮೈ ಹಗುರವಾಗಿದ್ದರೂ ಐದು ದಿನ ವಯಸ್ಸಾದವರಿಂದ ದೂರ ಮಲಗಿ. ಅವರ ಬಳಿ ಹೋಗುವಾಗ ಮೂಗಿನ ಪಟ್ಟಿ ಒತ್ತಿ, ಕೆನ್ನೆಯ ಪಕ್ಕ ಸಂದಿಲ್ಲದಂತೆ ಎನ್-95 ಹಾಕಿ. ಊಟಕ್ಕೆ ಒಟ್ಟಿಗೆ ಕೂರಬೇಡಿ, ಆಗ ಮಾಸ್ಕ್ ತೆಗೆಯಲೇಬೇಕಾಗುತ್ತದೆ.

ಆಂಟಿಜನ್ ಕಿಟ್‌ನಲ್ಲಿ ಮರುದಿನವೇ ನೆಗೆಟಿವ್ ಬಂದರೆ ಅದನ್ನು ನಂಬಿ ಕೂರಬೇಡಿ. ವೈರಾಣು ಸಾಕಷ್ಟು ಬೆಳೆಯದೆ ಅದರಲ್ಲಿ ಗೆರೆ ಮೂಡುವುದಿಲ್ಲ. 48 ಗಂಟೆ ಬಿಟ್ಟು ಮತ್ತೆ ನೋಡಿ. ಜ್ವರ ಬಂದಾಗ ಪ್ಯಾರಸಿಟಮಾಲ್ ನುಂಗಿದರೆ ಮೈ ತಣ್ಣಗಾಗುತ್ತದೆ, ಹರಡುವುದು ನಿಲ್ಲುವುದಿಲ್ಲ.

ಇನ್ನೊಂದು ಮನವಿ. ಪಾಸಿಟಿವ್ ಬಂದೊಡನೆ, ಲಕ್ಷಣ ಶುರುವಾಗುವ ಹಿಂದಿನ ಎರಡು ದಿನ ನಿಮ್ಮ ಜೊತೆಗಿದ್ದವರಿಗೆಲ್ಲ ಫೋನ್ ಮಾಡಿ. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಗಳಿಗೆ ಮೊದಲು ಹೇಳಿ. ಜನ ಏನೆಂದುಕೊಂಡಾರೋ ಎಂದು ಮುಚ್ಚಿಡಬೇಡಿ.

– ಸಮುದಾಯ ಆರೋಗ್ಯ ವೈದ್ಯರು, ಧಾರವಾಡ